ಈಶಾನ್ಯಕ್ಕೆ ನಿಂತ ನೀರು

ಬೈಲಹೊಂಗಲ
18 ಮೇ 2025

ಅಕ್ಕನಿಗೆ ನಮಸ್ಕಾರ.

ಇಲ್ಲಿ ಮಳೆ ಹಿಡಿದಿದೆ. ಮೇ ತಿಂಗಳು ಮುಗಿಯುವ ಮೊದಲೇ ಹೀಗೆ ಸುರಿದದ್ದು ನನಗೆ ನೆನಪಿಲ್ಲ. ಮೊನ್ನೆ ನಿನ್ನ ಮೈದುನನ ಮಗ ಬಾಳುವಿನ ಫೋನಿಗೆ ಮಾಡಿದ್ದೆ. ನಾನು ಹೇಳಿದ್ದನ್ನು ಅರ್ಧಕ್ಕೆ ಇಳಿಸಿ ಅವನು ನಿನಗೆ ಕೂಗಿ ಹೇಳಿದ. ನೀನು ಹೇಳಿದ್ದನ್ನು ಇನ್ನೂ ಅರ್ಧ ಮಾಡಿ ನನಗೆ ಹೇಳಿದ. ಕೊನೆಗೆ ಉಳಿದದ್ದು "ದೊಡ್ಡವ್ವ ಆರಾಮ ಅದಾಳ್ರಿ ಕಾಕಾ" ಅಷ್ಟೆ. ಅದಕ್ಕೆ ಪತ್ರವೇ ವಾಸಿ. ಜೀವಮಾನವೆಲ್ಲ ಅಂಚೆ ಕಚೇರಿಯಲ್ಲಿ ಕುಳಿತು ಮಂದಿಯ ಪತ್ರಗಳಿಗೆ ಮುದ್ರೆ ಒತ್ತಿದೆ. ಈಗ ನನ್ನದಕ್ಕೆ ಬೇರೆ ಯಾರಾದರೂ ಒತ್ತಲಿ.

ಅಂಗಳದ ವಿಷಯ ಬರೆಯಬೇಕು. ನೀನು ಕಳೆದ ಪಂಚಮಿಗೆ ಬಂದುಹೋದ ಮೇಲೆ ನಮ್ಮ ಮುಂದಿನ ರಸ್ತೆಯನ್ನು ಮತ್ತೆ ಎತ್ತರಿಸಿದರು. ಹಳೆಯದನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಕಾಂಕ್ರೀಟ್ ಹಾಕಿದರು. ಮನೆ ಕಟ್ಟಿದಾಗ ರಸ್ತೆಯಿಂದ ಮನೆಗೆ ಹತ್ತಿ ಬರುತ್ತಿದ್ದೆವು. ಈಗ ಇಳಿದು ಬರುತ್ತೇವೆ. ಮಳೆ ನೀರೂ ನಮ್ಮ ಜೊತೆಗೇ ಇಳಿಯುತ್ತದೆ. ಗೇಟಿನಲ್ಲಿ ನುಗ್ಗಿ, ಕಾರು ಬರುವ ದಾರಿಯುದ್ದಕ್ಕೂ ಹರಿದು, ಈಶಾನ್ಯ ಮೂಲೆಯಲ್ಲಿ ಪೋರ್ಚಿನ ಕೆಳಗೆ ನಿಲ್ಲುತ್ತದೆ. ಅಲ್ಲಿ ಕಂಪೌಂಡ್ ಗೋಡೆಯ ಬುಡಕ್ಕೆ ಒಂದು ಕಿಂಡಿ ಇದ್ದದ್ದು ನಿನಗೆ ಗೊತ್ತು. ನೀರು ಅದರಿಂದ ಹಿಂದಿನ ಖಾಲಿ ಪ್ಲಾಟಿಗೆ ಹೋಗಿ, ಹಿಂದಿನ ಓಣಿಯ ಗಟಾರ ಸೇರುತ್ತಿತ್ತು. ಬಸಲಿಂಗಪ್ಪ ಆ ಪ್ಲಾಟಿನಲ್ಲಿ ಮನೆ ಕಟ್ಟಿಸಿ ಕಿಂಡಿ ಮುಚ್ಚಿದಂದಿನಿಂದ ನೀರಿಗೆ ದಾರಿ ಇಲ್ಲ. ನಿಂತಲ್ಲೇ ಹಸಿರಾಗುತ್ತದೆ. ನೀನು ಜಾರಿ ಮುಂಗೈ ಮುರಿದುಕೊಂಡದ್ದು ಆ ಪಾಚಿಯ ಮೇಲೆಯೇ.

ಈ ಸಲ ಇದನ್ನು ಸರಿಮಾಡಿಸಿಯೇ ತೀರಬೇಕು ಎಂದುಕೊಂಡಿದ್ದೇನೆ. ಅಂಗಳ ಒಣಗುವವರೆಗೆ ನೀನು ಈ ಕಡೆ ಬರುವ ವಿಚಾರ ಮಾಡಬೇಡ. ಸೊಸೆ ಐಶ್ವರ್ಯಾ ನಿನ್ನನ್ನು ನೆನೆಸುತ್ತಾಳೆ. ಮಗ ಸುಭಾಸನಿಗೆ ಕಿತ್ತೂರಿನ ಅಂಗಡಿಯಿಂದ ಬಿಡುವಿಲ್ಲ. ಹೈವೇ ಅಂಗಡಿ, ರವಿವಾರವೂ ಇಲ್ಲ, ಹಬ್ಬವೂ ಇಲ್ಲ. ಮುಂದಿನ ಕೋಣೆಯ ವಿಷಯ ಒಂದಿದೆ, ಅದನ್ನು ಆಮೇಲೆ ಬರೆಯುತ್ತೇನೆ.

ಕೈ ಹೇಗಿದೆ, ತಿಳಿಸು.

ನಿಜಗುಣ

—

ರಾಮದುರ್ಗ
1 ಜೂನ್ 2025

ತಮ್ಮಾ ನಿಜಗುಣಾ,

ಪತ್ರ ಬಂತು. ಬಿಚ್ಚಿದರೆ ಮುಕ್ಕಾಲು ಪಾಲು ನೀರೇ ಇತ್ತು. ಕಾಗದ ಒದ್ದೆ ಆಗದೆ ಹೇಗೆ ಬಂತೋ.

ಕೈ ಆರಾಮ ಇದೆ. ರೊಟ್ಟಿ ಬಡಿಯುವಾಗ ಅಷ್ಟು ಸೆಳೆಯುತ್ತದೆ. ಒಬ್ಬಳಿಗೆ ಎಷ್ಟು ರೊಟ್ಟಿ ಬೇಕು?

ಬಾಳು ಹೊಸ ಮಗ್ಗ ತರುತ್ತಾನಂತೆ. ನಮ್ಮ ಯಜಮಾನರ ಕಾಲದ ಮಗ್ಗ ನಾಲ್ಕನ್ನೂ ಗುಜರಿಗೆ ಹಾಕಿದ. ಅವುಗಳ ಸಪ್ಪಳದಲ್ಲಿ ನನ್ನ ಕಿವಿ ಹೋದವು. ಈಗ ಅವು ಹೋದವು, ಕಿವಿ ತಿರುಗಿ ಬರಲಿಲ್ಲ. ಹೊಸವು ಬಹಳ ಉದ್ದವಂತೆ. ಶೆಡ್ಡು ಸಾಲುವುದಿಲ್ಲ ಎಂದು ಅಳತೆ ಹಿಡಿಯುತ್ತಿದ್ದಾನೆ. ಮೊನ್ನೆ ನನ್ನ ಖೋಲಿಯ ಗೋಡೆಗೂ ಟೇಪು ಹಿಡಿದ. ಕಿವುಡಿಯ ಎದುರು ಮಾತಾಡಲು ಮಂದಿ ಅಂಜುವುದಿಲ್ಲ. ತುಟಿ ಕಾಣುತ್ತವೆ ಅನ್ನುವುದು ಅವರಿಗೆ ನೆನಪಾಗುವುದಿಲ್ಲ.

ಇರಲಿ. ನೀನು ನಿನ್ನ ಅಂಗಳ ನೋಡಿಕೋ. ನನ್ನ ಸಲುವಾಗಿ ಏನೂ ಅವಸರ ಬೇಡ. ಮುಂದಿನ ಕೋಣೆಯ ವಿಷಯ ಅಂದೆಯಲ್ಲ, ಅದೇನು? ಬಾಡಿಗೆಗೆ ಕೊಡುತ್ತೀಯಾ?

ಸಾವಿತ್ರೆವ್ವ

—

ಬೈಲಹೊಂಗಲ
14 ಜೂನ್ 2025

ಅಕ್ಕನಿಗೆ ನಮಸ್ಕಾರ.

ಬಾಳು ಹೊಸ ಮಗ್ಗ ಹಾಕುವ ಸುದ್ದಿ ಓದಿ ಸಂತೋಷವಾಯಿತು. ಮನೆಗೆ ಕಳೆ ಬರುತ್ತದೆ, ನಿನಗೂ ಕೆಲಸಗಾರರ ಓಡಾಟದಲ್ಲಿ ಹೊತ್ತು ಹೋಗುತ್ತದೆ. ಕೋಣೆಯನ್ನು ಬಾಡಿಗೆಗೆ ಕೊಡುವುದಿಲ್ಲ. ಕೆಲಸ ಮುಗಿಯದೆ ಹೇಳುವುದು ಬೇಡ ಎಂದಿದ್ದೇನೆ.

ಅಂಗಳಕ್ಕೆ ಗೌಂಡಿ ಅಮೋಘಸಿದ್ದಪ್ಪನನ್ನು ಕರೆಸಿದೆ. ಕಾಂಕ್ರೀಟಿನ ಮೇಲೆ ಎರಡು ಸಲ ಅಡ್ಡಾಡಿ, ಮೂಲೆಯಲ್ಲಿ ಉಗುಳಿ, "ಇಂಗುಗುಂಡಿ ತೋಡೂಣ್ರಿ ಸರ್. ಒಂದ ಮಳಿ ಬರ್ಲಿ, ಗುಂಡಿ ಗಟಗಟ ಕುಡದ ಬಿಡತೈತಿ" ಎಂದ. ಅವನ ಮಾತಿನಲ್ಲಿ ಅಷ್ಟು ಧೈರ್ಯವಿತ್ತು, ನನಗೂ ಬಂತು. ಈಶಾನ್ಯ ಮೂಲೆಯಲ್ಲಿ ಕಾಂಕ್ರೀಟ್ ಕತ್ತರಿಸಿ ಆಳುದ್ದ ತೋಡಿದ್ದಾರೆ. ಕೆಳಗೆ ಎರೆಮಣ್ಣು, ಎಷ್ಟು ತೋಡಿದರೂ ಅದೇ. ದಪ್ಪ ಕಲ್ಲು, ಸಣ್ಣ ಕಲ್ಲು, ಮರಳು ತುಂಬಿ ಮೇಲೆ ಕಬ್ಬಿಣದ ಜಾಳಿ ಹಾಕುತ್ತಾರೆ. ನಾಳೆಗೆ ಮುಗಿಯುತ್ತದೆ.

ಐಶ್ವರ್ಯಾ ಚಹಾ ಕೊಡಲು ಬಂದವಳು ಗುಂಡಿಯೊಳಗೆ ಬಗ್ಗಿ ನೋಡಿ, "ಮಾವಾರ, ಇಷ್ಟ ತೋಡೂದಕ್ಕಿಂತ ಹಿಂದಿನ ಮನಿ ಬಸಲಿಂಗಪ್ಪನವರಿಗೆ ಒಂದ ಮಾತ ಕೇಳಿದ್ರ ಆಗತಿತ್ತಲ್ರಿ. ಅವರ ಸಂದ್ಯಾಗಿಂದ ಒಂದ ಪೈಪ ಹಾಕಿದ್ರ ಮುಗೀತು" ಎಂದಳು. ಹೊಸ ಕಾಲದವರಿಗೆ ಎಲ್ಲವೂ ಸಲೀಸು. ಕಿಂಡಿ ಮುಚ್ಚುವ ಮೊದಲು ಕೇಳಬೇಕಾದವನು ಅವನು. ಅಂದಿನಿಂದ ನಾವು ಮಾತಾಡಿಲ್ಲ. ಈಗ ನಾನಾಗಿ ಹೋಗುವುದು ಹೇಗೆ?

ಜಾಳಿ ಕೂರಿಸಿದ ಮೇಲೆ ಬರೆಯುತ್ತೇನೆ.

ನಿಜಗುಣ

—

ರಾಮದುರ್ಗ
25 ಜೂನ್ 2025

ತಮ್ಮಾ,

ಗುಂಡಿ ಕುಡಿಯಿತೇ?

ಬಸಲಿಂಗಪ್ಪನ ಜೊತೆ ಜಗಳ ಏನಾಗಿತ್ತು ಎಂದು ನೀನು ಬರೆಯಲೇ ಇಲ್ಲ. ಮಾತು ಬಿಟ್ಟೆವು ಎಂದೆ. ಮಾತು ಬಿಡಲು ಮೊದಲು ಒಂದಾದರೂ ಮಾತು ಆಡಿರಬೇಕಲ್ಲ.

ಈ ವರ್ಷ ಪಂಚಮಿ ಜುಲೈ ಕೊನೆಗೆ ಬಂದಿದೆ. ಇಲ್ಲಿ ಒಳ್ಳೆಯ ಬಿಳಿ ಎಳ್ಳು ಬಂದಿದೆ. ಉಂಡಿಗೆ ಎಳ್ಳು ತೆಗೆದಿಡಲೋ ಬೇಡವೋ, ತಿಳಿಸು.

ನನ್ನ ಟ್ರಂಕು ಎರಡನ್ನೂ ಬಿಸಿಲಿಗೆ ಹಾಕಿ ಜೋಡಿಸಿದೆ. ಬಿಸಿಲು ಎಲ್ಲಿದೆ ಅನ್ನಬೇಡ, ಇಲ್ಲಿ ಆಗಾಗ ಬೀಳುತ್ತದೆ.

ಸಾವಿತ್ರೆವ್ವ

—

ಬೈಲಹೊಂಗಲ
6 ಜುಲೈ 2025

ಅಕ್ಕನಿಗೆ ನಮಸ್ಕಾರ.

ಗುಂಡಿ ಕುಡಿಯಲಿಲ್ಲ. ಮೊದಲ ದೊಡ್ಡ ಮಳೆಗೆ ತುಂಬಿತು, ತುಂಬಿದ್ದು ಹಾಗೆಯೇ ನಿಂತಿತು. ನಮ್ಮ ಎರೆಮಣ್ಣು ಒಮ್ಮೆ ಹಸಿಯಾಯಿತೆಂದರೆ ಬಾಯಿ ಮುಚ್ಚುತ್ತದೆ. ಹೊಲದ ಅನ್ನ ಉಂಡು ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಅಮೋಘಸಿದ್ದಪ್ಪ ಬಂದು ನೋಡಿ, "ಮಣ್ಣ ಹೊಟ್ಟಿ ತುಂಬೈತ್ರಿ ಸರ್, ಅದರದ ಏನ ತಪ್ಪ?" ಎಂದು ಮಣ್ಣಿನ ಪರವಾಗಿಯೇ ಮಾತಾಡಿದ. ಜಾಳಿಯ ಸಂದಿಯಿಂದ ಕಪ್ಪೆಗಳು ಇಣುಕುತ್ತವೆ. ಐಶ್ವರ್ಯಾ, "ಮಾವಾರ, ನಾಕ ಮೀನ ಬಿಟ್ಟಬಿಡೂಣೇನ್ರಿ? ಖರ್ಚ ಮಾಡಿದ್ದಕ್ಕ ಏನರ ಬರ್ಲಿ" ಎನ್ನುತ್ತಾಳೆ. ನಾವು ಮೀನು ತಿನ್ನುವವರಲ್ಲ ಎಂದೆ. "ಮಾರೂಣ್ರಿ" ಎಂದಳು.

ಈಗ ಬೇರೆ ಉಪಾಯ. ಇರುವ ಕಾಂಕ್ರೀಟನ್ನೆಲ್ಲ ಒಡೆದು, ಇಳಿಜಾರನ್ನೇ ತಿರುಗಿಸುವುದು. ನೀರು ಪೋರ್ಚಿನಿಂದ ಗೇಟಿನ ಕಡೆ ಬರಬೇಕು, ಗೇಟಿನ ಒಳಬದಿಗೆ ಅಡ್ಡ ಗಟಾರ ಮಾಡಿ ಜಾಳಿ ಹಾಕಬೇಕು. ಮುಂದಿನ ಗಟಾರ ಈಗ ನಮ್ಮ ಅಂಗಳಕ್ಕಿಂತ ಎತ್ತರ, ಆದ್ದರಿಂದ ಅಲ್ಲೊಂದು ಸಣ್ಣ ಮೋಟರು ಇಟ್ಟು ಎತ್ತಿ ಹಾಕಬೇಕು. ಮಳೆ ಜೋರಾದಾಗಲೇ ಇಲ್ಲಿ ಕರೆಂಟು ಹೋಗುತ್ತದೆ, ಅದು ಬೇರೆ ಮಾತು. ಒಟ್ಟಿನಲ್ಲಿ ಈ ಈಶಾನ್ಯದ ಇಳಿಜಾರೇ ಎಲ್ಲಕ್ಕೂ ಮೂಲ ಎಂದು ತೀರ್ಮಾನಿಸಿ ಒಡೆಯಲು ಹಚ್ಚಿದ್ದೇನೆ. ಅರ್ಧ ಒಡೆದಿದ್ದಾರೆ. ಮಳೆ ಬಂದು ಕೆಲಸ ನಿಂತಿದೆ. ಮೊದಲು ನೀರಿತ್ತು, ಈಗ ನೀರೂ ಕೆಸರೂ ಇದೆ.

ಎಳ್ಳು ಇಲ್ಲಿಯೂ ಸಿಗುತ್ತದೆ. ನೀನು ಅದಕ್ಕಾಗಿ ತೊಂದರೆ ತೆಗೆದುಕೊಳ್ಳಬೇಡ.

ನಿಜಗುಣ

—

ರಾಮದುರ್ಗ
12 ಜುಲೈ 2025

ನಿಜಗುಣನಿಗೆ,

ಎಳ್ಳು ಬೇಡ ಎಂದು ತಿಳಿಯಿತು.

ಈಶಾನ್ಯದ ಇಳಿಜಾರೇ ಮೂಲ ಎಂದು ಬರೆದಿದ್ದೀಯ. ಆ ಇಳಿಜಾರು ಯಾರು ಮಾಡಿಸಿದ್ದು ಎಂದು ನೀನು ಬರೆಯಲಿಲ್ಲ. ನಾನು ಬರೆಯುತ್ತೇನೆ. ನಿನ್ನ ಮನೆಯ ಗೋಡೆ ಎದ್ದು ಛತ್ತಿಗೆ ಬಂದಾಗ ಸಿರಸಂಗಿಯಿಂದ ವಾಸ್ತು ನೋಡುವ ಅಜ್ಜನನ್ನು ಕರೆದುಕೊಂಡು ಬಂದವಳು ನಾನು. "ನೀರ ಈಶಾನ್ಯಕ್ಕ ಹರೀಬೇಕವ್ವ, ಮನಿ ಬೆಳೀತೈತಿ" ಎಂದು ಅವರು ಅಂದಾಗ ಗೌಂಡಿಗೆ ಎದುರು ನಿಂತು ಹಾಗೆಯೇ ಮಾಡಿಸಿದವಳೂ ನಾನೇ. ನೀನು ಆಗ ಬಾಯಿ ತೆರೆಯಲಿಲ್ಲ. ನಿನ್ನ ಹೆಂಡತಿ ಇದ್ದಳು, ಅವಳು ನಕ್ಕಳು.

ಅಂದರೆ ಇಷ್ಟು ವರ್ಷ ನಿಮ್ಮ ಅಂಗಳದಲ್ಲಿ ನಿಂತದ್ದು ನನ್ನ ನೀರು. ನನ್ನ ನೀರಿನಲ್ಲಿ ನಾನೇ ಜಾರಿ ಬಿದ್ದೆ. ನೀವು ಯಾರೂ ಅಂದು ತೋರಿಸಲಿಲ್ಲ, ಅದು ನಿಮ್ಮ ದೊಡ್ಡತನ.

ಒಡೆಸು. ಒಡೆಸಿ ಯಾವ ದಿಕ್ಕಿಗೆ ಬೇಕೋ ಆ ದಿಕ್ಕಿಗೆ ಹರಿಸು. ನನ್ನನ್ನು ಕೇಳುವ ಅಗತ್ಯವಿಲ್ಲ.

ಇಲ್ಲಿ ಸ್ವಲ್ಪ ಕೆಲಸ ಇದೆ. ಕೆಲವು ದಿನ ನನ್ನ ಪತ್ರ ಬರಲಿಕ್ಕಿಲ್ಲ.

ಸಾವಿತ್ರೆವ್ವ

—

ಬೈಲಹೊಂಗಲ
18 ಜುಲೈ 2025

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಾನು ಅಳತೆ ಬರೆದೆ, ನೀನು ಅದರಲ್ಲಿ ಆರೋಪ ಓದಿದೆ. ತಪ್ಪು ನಿನ್ನದಲ್ಲ. ಅಳತೆಯನ್ನೂ ನಾನು ಸರಿಯಾಗಿ ಬರೆಯಲಿಲ್ಲ.

ಆ ಅಜ್ಜ ಹೇಳಿದಾಗ ಈಶಾನ್ಯಕ್ಕೆ ಖಾಲಿ ಪ್ಲಾಟು ಇತ್ತು, ಅದರಾಚೆ ತಗ್ಗಿನಲ್ಲಿ ಗಟಾರ ಇತ್ತು. ಇಳಿಜಾರು ಸರಿಯಾಗಿಯೇ ಇತ್ತು. ಹತ್ತು ವರ್ಷಕ್ಕೂ ಹೆಚ್ಚು ಒಂದು ಹನಿ ನೀರು ನಿಲ್ಲಲಿಲ್ಲ. ಆಮೇಲೆ ಮುಂದೆ ರಸ್ತೆ ಎದ್ದಿತು, ಹಿಂದೆ ಮನೆ ಎದ್ದಿತು. ನಮ್ಮ ಅಂಗಳ ಮಾತ್ರ ಇದ್ದಲ್ಲಿಯೇ ಇತ್ತು. ಇದ್ದಲ್ಲಿಯೇ ಇದ್ದು ತಗ್ಗಾಯಿತು. ಇದರಲ್ಲಿ ನಿನ್ನದು ಏನಿದೆ?

ಮುಂದಿನ ಕೋಣೆಯ ವಿಷಯ ಈಗಲೇ ಹೇಳುತ್ತೇನೆ. ಅದು ನಿನಗೆ. ಪಂಚಮಿಗೆ ಬಂದು ಹೋಗುವ ಸಲುವಾಗಿ ಅಲ್ಲ. ಮಂಚ ಹಾಕಿಸಿದ್ದೇನೆ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಗೋಡೆಗೆ ಹಿಡಿಕೆ ಹೊಡೆಸಿದ್ದೇನೆ. ಬಾಗಿಲು ಬಡಿದರೆ ಕೋಣೆಯಲ್ಲಿ ದೀಪ ಹತ್ತುವ ಹಾಗೆ ಐಶ್ವರ್ಯಾ ಏನೋ ಜೋಡಿಸಿದ್ದಾಳೆ. ನೀರು ನಿಲ್ಲುವುದು ಆ ಕೋಣೆಯ ಹೊಸ್ತಿಲಿಗೇ. ಅದಕ್ಕೇ ಒಣಗಲಿ, ಆಮೇಲೆ ಹೇಳೋಣ ಎಂದಿದ್ದೆ. ಅದು ಒಣಗುವ ಲಕ್ಷಣ ಕಾಣುವುದಿಲ್ಲ.

27ನೇ ತಾರೀಖು ರವಿವಾರ ಸುಭಾಸ ಕಾರು ತೆಗೆದುಕೊಂಡು ನಿನ್ನನ್ನು ಕರೆಯಲು ಬರುತ್ತಾನೆ. ನಾನೇ ಬರಬೇಕಿತ್ತು. ಸ್ವಲ್ಪ ಕೆಲಸವಿದೆ, ತಪ್ಪು ತಿಳಿಯಬೇಡ. ಒಪ್ಪಿಗೆ ಇದ್ದರೆ ಒಂದು ಸಾಲು ಬರೆ. ಉತ್ತರ ಬರದಿದ್ದರೆ ನಿನಗೆ ಮನಸ್ಸಿಲ್ಲ ಎಂದು ತಿಳಿದುಕೊಳ್ಳುತ್ತೇನೆ, ಒತ್ತಾಯ ಮಾಡುವುದಿಲ್ಲ.

ನಿಜಗುಣ

—

ಮುನವಳ್ಳಿ
31 ಜುಲೈ 2025

ನಿಜಗುಣನಿಗೆ,

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಹವಾ ಬದಲಿಗೆಂದು ಕೆಲವು ದಿನ ಮುನವಳ್ಳಿಗೆ ಬಂದಿದ್ದೇನೆ. ಸಾಲಿಯಲ್ಲಿ ನನ್ನ ಜೊತೆ ಕಲಿತ ಮುದಕವ್ವನ ಮನೆ. ಅವಳ ಗಂಡನೂ ಇಲ್ಲ, ಮಕ್ಕಳು ಹೊಲದ ಮನೆಯಲ್ಲಿರುತ್ತಾರೆ. ಪತ್ರ ಬರೆಯುವುದಿದ್ದರೆ ಇಲ್ಲಿಗೇ ಬರೆ.

ಪಂಚಮಿ ಆಯಿತು. ಇವರ ಓಣಿಯಲ್ಲಿ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಎದುರು ಮನೆಯ ಮೂವರು ಸೊಸೆಯಂದಿರನ್ನೂ ಅವರ ಅಣ್ಣ ತಮ್ಮಂದಿರು ಬಂದು ಕರೆದುಕೊಂಡು ಹೋದರು. ಒಬ್ಬಳ ತಮ್ಮ ಸಣ್ಣವನು, ಬುಟ್ಟಿಯಲ್ಲಿ ಉಂಡಿ ಹೊತ್ತು ಬಾಗಿಲಲ್ಲಿ ನಿಂತು "ಅಕ್ಕಾ" ಎಂದು ಒದರಿದ. ನನಗೆ ಕೇಳಿಸಲಿಲ್ಲ. ಅವನ ಕೊರಳ ನರ ಕಂಡಿತು.

ಮಗ್ಗುಲ ಮನೆಯವಳು ಕಟ್ಟೆಯ ಮೇಲೆ ಕುಳಿತು, "ಯಾಕ್ರಿ ಸಾವಿತ್ರೆವ್ವಾರ, ನಿಮ್ಮ ತಮ್ಮಾರ ಕರ್ಯಾಕ ಬರ್ಲಿಲ್ಲೇನ್ರಿ?" ಎಂದಳು. ತುಟಿಯಲ್ಲಿ ಚೊಕ್ಕವಾಗಿ ಓದಿದೆ. ಕೇಳಿಸದವಳ ಹಾಗೆ ಎದ್ದು ಒಳಗೆ ಹೋದೆ. ಮುದಕವ್ವ ಅವಳನ್ನು ಬೈದಿರಬೇಕು, ಸಂಜೆ ಅವಳು ಹಬ್ಬದ ಸಿಹಿ ಅಳ್ಳಿಟ್ಟು ತಂದುಕೊಟ್ಟಳು.

ನಿನ್ನ ಮೋಟರು ಬಂತೇ? ಅಂಗಳದ ಕೆಲಸ ನಡೆಯಲಿ.

ಸಾವಿತ್ರೆವ್ವ

—

ಬೈಲಹೊಂಗಲ
5 ಆಗಸ್ಟ್ 2025

ಅಕ್ಕಾ,

ಜುಲೈ 18ಕ್ಕೆ ನಾನು ರಾಮದುರ್ಗಕ್ಕೆ ಬರೆದ ಪತ್ರ ಮೊನ್ನೆ ನನಗೇ ತಿರುಗಿ ಬಂತು. ಅದನ್ನು ಇದರೊಳಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದು, ಆಮೇಲೆ ಇದನ್ನು. ಮುದ್ರೆಯ ತಾರೀಖು ನೋಡು. ಪಂಚಮಿಗೆ ಮೊದಲೇ ಹಾಕಿದ್ದೇನೆ.

ಲಕೋಟೆಯ ಮೇಲೆ "ಬಿಟ್ಟು ಹೋಗಿದ್ದಾರೆ" ಎಂದು ಬರೆದಿದೆ. ಮನೆಯವರು ಹವಾ ಬದಲಿಗೆ ಹೋದರೆ ಅಂಚೆಯವನು ಹಾಗೆ ಬರೆಯುವುದಿಲ್ಲ. ಕೆಲವು ದಿನ ಇಟ್ಟುಕೊಂಡು ಮತ್ತೆ ಹೋಗಿ ನೋಡುತ್ತಾನೆ. ಅವರು ಇನ್ನು ಇಲ್ಲಿ ಇರುವುದಿಲ್ಲ ಎಂದು ಮನೆಯೊಳಗಿನವರೇ ಬಾಯಿಬಿಟ್ಟು ಹೇಳಿದಾಗ ಮಾತ್ರ ಆ ಮಾತು ಬರೆಯುತ್ತಾನೆ. ಇಂಥ ಲಕೋಟೆ ಎಷ್ಟೋ ತಿರುಗಿಸಿ ಕಳಿಸಿದ್ದೇನೆ, ಒಂದನ್ನೂ ನಿಂತು ಓದಿರಲಿಲ್ಲ. ಇದನ್ನು ಹಿಡಿದು ಪೋರ್ಚಿನಲ್ಲಿ ಕುಳಿತೆ. ಐಶ್ವರ್ಯಾ ಎರಡು ಸಲ ಊಟಕ್ಕೆ ಕರೆದಳು.

ಬಾಳುವಿಗೆ ಫೋನು ಮಾಡಿದೆ. "ದೊಡ್ಡವ್ವ ತಾನ ಹೋಗತೇನಿ ಅಂದ್ಲರಿ ಕಾಕಾ. ನಾವೇನ ಹೋಗ ಅಂದಿಲ್ರಿ. ಖೋಲಿ ಗ್ವಾಡಿ ಒಂದ ತಗೀಬೇಕಿತ್ರಿ, ಅಷ್ಟ" ಎಂದ. ಆಗ ನಿನ್ನ ಜೂನ್ ಪತ್ರಗಳನ್ನು ತೆಗೆದು ನೋಡಿದೆ. ಟೇಪು ಇತ್ತು. ಟ್ರಂಕು ಇತ್ತು. ಎಳ್ಳು ಇತ್ತು. ನಾನು ಗುಂಡಿಯ ವಿಷಯ ಬರೆದಿದ್ದೆ.

ನಾನೇ ಬರಲಿಲ್ಲ ಯಾಕೆಂದರೆ ನನ್ನ ಕಾಲು ಪ್ಲಾಸ್ಟರಿನಲ್ಲಿದೆ. ಜುಲೈ ಹತ್ತರ ಸುಮಾರಿಗೆ ಒಡೆದ ಕಾಂಕ್ರೀಟಿನ ಮೇಲೆ ಕಾಲಿಟ್ಟು ಹೊರಳಿದೆ. ನೀನು ಬಿದ್ದ ಜಾಗಕ್ಕಿಂತ ಒಂದು ಮೊಳ ಈಚೆ. ಬರೆದರೆ ನೀನು ಗಾಬರಿಯಾಗುತ್ತೀ ಎಂದು ಬರೆಯಲಿಲ್ಲ. ಸೋಮವಾರ ತೆಗೆಯುತ್ತಾರೆ.

ಇನ್ನೊಂದು ಕೆಲಸ ಮಾಡಿದೆ. ಮರುದಿನ ಬೆಳಿಗ್ಗೆ ಕೋಲು ಹಿಡಿದು, ಓಣಿ ಸುತ್ತಿ, ಬಸಲಿಂಗಪ್ಪನ ಮನೆಗೆ ಹೋದೆ. ಬಾಗಿಲು ತೆರೆದವಳು ಅವನ ಹೆಂಡತಿ ಶೆಟ್ಟೆವ್ವ. "ಅಯ್ಯ ಪೋಸ್ಟ ಮಾಸ್ತರ್ರ! ಈ ಕಾಲ ತಗೊಂಡ ಇಷ್ಟ ಸುತ್ತ ಹಾಕ್ಕೊಂಡ ಬಂದ್ರೇನ? ಗ್ವಾಡಿ ಮ್ಯಾಲಿಂದ ಒದರಿದ್ರ ನಾವ ಬರತಿದ್ದಿವಲ್ರಿ" ಎಂದಳು.

ಬಸಲಿಂಗಪ್ಪ ಚುರುಮುರಿ ತಿನ್ನುತ್ತಾ ಕುಳಿತಿದ್ದ. ನಾನು ನಿಂತೇ ವಿಷಯ ಹೇಳಿದೆ: ನಮ್ಮ ಮಳೆ ನೀರಿಗೆ ನಿಮ್ಮ ಸಂದಿಯಲ್ಲಿ ಒಂದು ಪೈಪು ಹಾಕಲು ಬಿಡಬೇಕು.

"ಕುಂದರ್ರಿ ಮೊದ್ಲ" ಎಂದ. "ಗುಂಡಿ ತೋಡಿದ್ರಿ, ಗಚ್ಚ ಒಡಿಸಿದ್ರಿ, ಕಾಲ ಮುರಕೊಂಡ್ರಿ. ನಮ್ಮ ಬಾಗಲಾ ಮಾತ್ರ ಬಡೀಲಿಲ್ಲ ನೋಡ್ರಿ."

"ಕಿಂಡಿ ಮುಚ್ಚೂ ಮುಂದ ನೀವ ಒಂದ ಮಾತ ಕೇಳಬೇಕಿತ್ತು" ಎಂದೆ.

"ನೀವ ಪೋರ್ಚಿನ್ಯಾಗ ಕುರ್ಚಿ ಹಾಕ್ಕೊಂಡ ಕುಂತ ನೋಡಾಕತ್ತಿದ್ರಿ! ಗೌಂಡಿ ಸಿಮೆಂಟ ಗಿಲಾವ ಮಾಡಿ ಮುಗಿಸೂ ತನಕ ನೋಡಿದ್ರಿ. ಮುಚ್ಚೂದ ಬ್ಯಾಡಾಗಿದ್ರ ಅಂತಿದ್ರು, ಇವರಿಗೆ ಕಿಂಡಿ ಬೇಕಾಗಿಲ್ಲ ಅಂತ ನಾ ತಿಳದೆ. ಆಮ್ಯಾಲ ನೋಡಿದ್ರ ಎದರ ಸಿಕ್ಕರೂ ಮಾರಿ ತಿರುವಾಕತ್ರಿ. ಇವರಿಗೇನಾತಪಾ ಅಂತ ನಾವಿಬ್ಬರೂ ತಲಿ ಕೆಡಿಸಿಕೊಂಡಿವಿ."

ಶೆಟ್ಟೆವ್ವ ಒಳಗಿನಿಂದ, "ಮಳಿ ನೀರಂದ್ರ ಬರ್ಲಿರಿ. ಬಚ್ಚಲ ನೀರ ಮಾತ್ರ ಬ್ಯಾಡ. ನಿಮ್ಮ ಮನಿ ಸಬಕಾರ ನೊರಿ ನಮ್ಮ ಸಂದ್ಯಾಗ ತೇಲೂದ ಬ್ಯಾಡ" ಎಂದಳು. ಅಷ್ಟಕ್ಕೇ ಮುಗಿಯಿತು. ಚುರುಮುರಿ ತಿಂದು, ಚಹಾ ಕುಡಿದು ಬಂದೆ. ತಿರುಗಿ ಬರುವಾಗ ಓಣಿ ಬಹಳ ಉದ್ದ ಅನ್ನಿಸಿತು.

ಆದರೆ ಈಗಲೇ ಪೈಪು ಹಾಕಲು ಬರುವುದಿಲ್ಲ. ಹಸಿ ಎರೆಯಲ್ಲಿ ಕಾಲುವೆ ತೋಡಿದರೆ ಎರಡೂ ಬದಿ ಕುಸಿಯುತ್ತದೆ, ಅವರ ಗೋಡೆಗೂ ಒಳ್ಳೆಯದಲ್ಲ. ಮಳೆ ನಿಂತು ನೆಲ ಗಟ್ಟಿಯಾಗಬೇಕು. ದಸರೆಯ ಹೊತ್ತಿಗೆ ಆದೀತು. ಅಲ್ಲಿಯವರೆಗೆ ಅಂಗಳ ಒಡೆದೇ ಇರುತ್ತದೆ. ದಸರೆಗೆ ಎಲ್ಲ ಸರಿಯಾದ ಮೇಲೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಮುದಕವ್ವನಿಗೆ ಅಲ್ಲಿಯವರೆಗೆ ತೊಂದರೆ ಆಗಲಿಕ್ಕಿಲ್ಲವಷ್ಟೆ?

ನಿಜಗುಣ

—

ಮುನವಳ್ಳಿ
9 ಆಗಸ್ಟ್ 2025

ತಮ್ಮಾ ನಿಜಗುಣಾ,

ಎರಡೂ ಓದಿದೆ. ನೀನು ಹೇಳಿದ ಕ್ರಮದಲ್ಲಿಯೇ.

ಕಾಲು ಮುರಿದುಕೊಂಡು "ಸ್ವಲ್ಪ ಕೆಲಸವಿದೆ" ಎಂದು ಬರೆದೆ. ಮನೆ ಬಿಟ್ಟು ನಾನು "ಸ್ವಲ್ಪ ಕೆಲಸ ಇದೆ" ಎಂದು ಬರೆದೆ. ಅವ್ವ ಇದ್ದಿದ್ದರೆ ಇಬ್ಬರಿಗೂ ಕಟ್ಟಿಗೆ ತೆಗೆದುಕೊಳ್ಳುತ್ತಿದ್ದಳು. ಅವಳೂ ಅಂಥವಳೇ ಆಗಿದ್ದಳು, ಅದು ಬೇರೆ. ಹಸಿದರೂ ಬಡಿಸು ಅನ್ನುತ್ತಿರಲಿಲ್ಲ, ತಾಟು ಸಪ್ಪಳ ಮಾಡಿ ಇಡುತ್ತಿದ್ದಳು.

ಈಗ ಬರೆಯುತ್ತೇನೆ ಕೇಳು. ಬಾಳು ಹೋಗು ಅನ್ನಲಿಲ್ಲ, ನಿಜ. ಅವನ ಹೆಂಡತಿ ಮಹಾನಂದಾ ಅವನಿಗೆ, "ಗ್ವಾಡಿ ಕೆಡವಿದ್ರ ತಾವ ತಿಳಕೋತಾರ" ಎಂದಳು. ನಾನು ಅಕ್ಕಿ ಆರಿಸುತ್ತಾ ಎದುರಿಗೇ ಕುಳಿತಿದ್ದೆ. ಗೋಡೆ ಬೀಳುವ ತನಕ ಕಾಯುವುದು ಬೇಡ ಎಂದು ನಾನೇ ಎದ್ದೆ. ನಿನಗೆ ಬರೆಯಬಹುದಿತ್ತು. ಅಂಗಳ ಒಣಗುವವರೆಗೆ ಬರಬೇಡ ಎಂದು ನೀನು ಮೊದಲ ಪತ್ರದಲ್ಲಿಯೇ ಬರೆದಿದ್ದೆ. ಅದರ ಮೇಲೆ ನಾನು ಹೇಗೆ ಬರೆಯಲಿ? ಕರೆಯದೆ ತವರಿಗೆ ಹೋದವಳು ನಮ್ಮ ಮನೆತನದಲ್ಲಿ ಯಾರಿದ್ದಾರೆ?

ಮುದಕವ್ವನಿಗೆ ನಾನು ಭಾರವಲ್ಲ. ಅವಳಿಗೆ ಮಾತು ಬಹಳ, ನನಗೆ ಕಿವಿ ಇಲ್ಲ, ಇಬ್ಬರಿಗೂ ಹೊಂದಿದೆ. ಆದರೆ ಇದು ಅವಳ ಮನೆ. ಹಿರಿಯ ಮಗ ಬಂದಾಗ ನಾನು ಹಾಸಿಗೆ ಸುತ್ತಿ ಪಡಸಾಲೆಗೆ ಹೋಗುತ್ತೇನೆ. ಅವನು ಒಳ್ಳೆಯವನು, ಏನೂ ಅನ್ನುವುದಿಲ್ಲ. ನನಗೆ ದಣಿವಾಗಿದೆ ನಿಜಗುಣಾ. ಎಲ್ಲ ಕಡೆಯೂ ಒಳ್ಳೆಯವರು, ಎಲ್ಲ ಕಡೆಯೂ ನಾನು ಹಾಸಿಗೆ ಸುತ್ತಬೇಕು.

ಆದ್ದರಿಂದ ದಸರೆ ಬೇಡ. ನನ್ನನ್ನು ಈಗ ಕರೆದುಕೊಂಡು ಹೋಗು. ಇದನ್ನು ಬರೆಯಲು ಬೆಳಗಿನಿಂದ ಕುಳಿತಿದ್ದೇನೆ. ಬರೆದ ಮೇಲೆ ಅಷ್ಟೇನೂ ಕಷ್ಟ ಅನ್ನಿಸಲಿಲ್ಲ.

ನೀರು ಇರಲಿ. ನಿನ್ನ ಅಮೋಘಸಿದ್ದಪ್ಪನಿಗೆ ಹೇಳಿ ಗೇಟಿನಿಂದ ಕೋಣೆಯ ಹೊಸ್ತಿಲ ತನಕ ಒಡೆದ ಕಾಂಕ್ರೀಟಿನ ತುಂಡುಗಳನ್ನೇ ಸಾಲಾಗಿ ಇಡಿಸು. ಅಲುಗಾಡದ ಹಾಗೆ ಇಡಲಿ, ಕೆಳಗೆ ಮರಳು ಹಾಕಲಿ. ಪಾಚಿ ಇದ್ದರೆ ಸುಣ್ಣ ಉದುರಿಸಲಿ. ನನಗೆ ಕಾಲು ಎತ್ತಿ ಇಡಲು ಬರುತ್ತದೆ. ಕಳೆದ ವರ್ಷ ಬಿದ್ದದ್ದು ನೀರಿಗಲ್ಲ, ಅಲ್ಲಿ ನೀರಿದೆ ಎಂದು ಯಾರೂ ಹೇಳಿರಲಿಲ್ಲ, ಅದಕ್ಕೆ. ಮಂಚವನ್ನು ಹೊಸ್ತಿಲಿನಿಂದ ದೂರ, ಪಡುವಣ ಗೋಡೆಗೆ ಸರಿಸಿ ಇಡು. ಉಳಿದದ್ದನ್ನು ದಸರೆಗೆ ಬಸಲಿಂಗಪ್ಪ ನೋಡಿಕೊಳ್ಳಲಿ.

ಇಳಿಜಾರನ್ನು ತಿರುಗಿಸಬೇಡ. ಅವನ ಸಂದಿಯಿಂದ ಪೈಪು ಹೋಗುವುದಾದರೆ ನೀರು ಈಶಾನ್ಯಕ್ಕೇ ಹರಿಯಬೇಕಲ್ಲ? ಒಡೆದದ್ದು ದಂಡ. ಆ ಅಜ್ಜ ಎಲ್ಲಿದ್ದಾನೋ, ನಗುತ್ತಿರಬೇಕು.

ಸೋಮವಾರ ಪ್ಲಾಸ್ಟರ್ ತೆಗೆಸಿಕೊಂಡು, ಎರಡು ದಿನ ಬಿಟ್ಟು ಬಾ. ಸುಭಾಸನನ್ನು ಒಬ್ಬನನ್ನೇ ಕಳಿಸಬೇಡ. ಅವನು ಕಾರು ಓಡಿಸಲಿ, ಕರೆಯುವವನು ನೀನೇ ಆಗಬೇಕು. ಪಂಚಮಿ ಹೋಯಿತು, ಹೋಗಲಿ. ಎಳ್ಳು ನನ್ನ ಹತ್ತಿರ ಇದೆ. ನೀನು ಬೇಡ ಎಂದು ಬರೆಯುವ ಮೊದಲೇ ತೆಗೆದಿಟ್ಟಿದ್ದೆ.

ಬಂದಾಗ ನೇರ ಒಳಗೆ ಬರಬೇಡ. ಬಾಗಿಲಲ್ಲಿ ನಿಂತು "ಅಕ್ಕಾ" ಎಂದು ಜೋರಾಗಿ ಒದರು. ನಿನಗೆ ನಾಚಿಕೆ ಬಹಳ, ಆದರೂ ಒದರು. ನನಗೇನೂ ಕೇಳಿಸುವುದಿಲ್ಲ. ಮಗ್ಗುಲ ಮನೆಯವಳಿಗೆ ಕೇಳಿಸಬೇಕು.

ಸಾವಿತ್ರೆವ್ವ